ಮೈನೋವಿನ ಜೊತೆ ದಮ್ಮೂ ಹತ್ತುತ್ತಿದೆಯೇ? ಹೀಗೆ ಶುರು ಮಾಡಿ

ಫೈಬ್ರೊಮಯಾಲ್ಜಿಯಾ ಎಂದರೆ ತಿಂಗಳುಗಟ್ಟಲೆ ಮೈತುಂಬ ನೋವು, ನಿದ್ದೆ ಮಾಡಿ ಎದ್ದರೂ ಬಿಡದ ಸುಸ್ತು. ಕೆಲವರಿಗೆ ದಮ್ಮೂ ಹತ್ತುತ್ತದೆ, ಶ್ವಾಸಕೋಶ ಚೆನ್ನಾಗಿದ್ದರೂ. ಪಕ್ಕೆಯ ಸ್ನಾಯು ನೋಯುವುದರಿಂದ ಉಸಿರು ಮೇಲುಮೇಲೆ ಆಡುತ್ತದೆ, ಓಡಾಟ ಕಡಿಮೆಯಾಗಿ ಕಸುವು ಇಳಿದಿರುತ್ತದೆ, ಗಾಬರಿ ಬೇರೆ. ಆದರೂ ಈ ಕಾಯಿಲೆಯನ್ನು ದೂರುವ ಸರದಿ ಕೊನೆಗೆ.

ಕೂತಲ್ಲೇ ಏದುಸಿರು, ಎದೆ ಹಿಂಡಿ ತೋಳಿಗೋ ದವಡೆಗೋ ಹರಿಯುವ ನೋವು, ನೀಲಿಗಟ್ಟಿದ ತುಟಿ, ಒಂದೇ ಕಾಲು ಊದಿ ಏಕಾಏಕಿ ದಮ್ಮು: ಓದುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ.

ಅಂಥದ್ದೇನೂ ಇಲ್ಲವೆಂದರೆ ವೈದ್ಯರ ಭೇಟಿ ಗೊತ್ತುಮಾಡಿ, ಅಲ್ಲಿಯವರೆಗೆ ಬರೆದಿಡಿ: ಎಷ್ಟು ಹೊತ್ತಿಗೆ, ಏನು ಮಾಡುವಾಗ, ನೋವು ಮೊದಲೋ ದಮ್ಮು ಮೊದಲೋ. ಬ್ಯಾಡಗಿ ಮೆಣಸಿನಕಾಯಿ ಘಾಟು, ಹತ್ತಿ ಜಿನ್ನಿನ ದೂಳು, ಕಾಂಗ್ರೆಸ್ ಕಸದ ಹೂವು, ಒಲೆಯ ಹೊಗೆ ತಾಗಿದಾಗ ಎದೆ ಸುಂಯ್‌ಗುಟ್ಟಿದರೆ ಅಸ್ತಮಾ ಇರಬಹುದು. ಅಂಗಾತ ಮಲಗಿದರೆ ದಮ್ಮು, ಎದ್ದು ಕೂತರೆ ಹಗುರ ಎನ್ನುವವರು ಹೃದಯ ತೋರಿಸಲೇಬೇಕು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಎದೆಗೂಡು ನೊಂದು, ಆಮೇಲೆ ಉಸಿರು ಸಾಲದಾದರೆ ಸ್ನಾಯುವಿನ ಕಡೆ ಅನುಮಾನ ಹೋಗುತ್ತದೆ.

ಈ ಚೀಟಿ ಹಿಡಿದೇ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ, ಎದೆಯ ಎಕ್ಸ್‌-ರೇ ಮೊದಲಿಗೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ; ಸುಸ್ತು, ದಮ್ಮು ಎರಡಕ್ಕೂ ಅದೊಂದೇ ಸಾಕು. ಆಮೇಲೆ ಸ್ಪೈರೊಮೆಟ್ರಿ: ಕೊಳವೆಯಲ್ಲಿ ಜೋರಾಗಿ, ಪೂರ್ತಿ ಊದಬೇಕು. ಪಕ್ಕೆ ನೋವೆಂದು ಅರ್ಧಕ್ಕೇ ಬಿಟ್ಟರೆ ಶ್ವಾಸಕೋಶವೇ ಕುಗ್ಗಿದಂತೆ ವರದಿ ಬರುತ್ತದೆ. ನೋವಿದೆ ಎಂದು ಮೊದಲೇ ಹೇಳಿ. ಎದೆ ಒತ್ತಿದರೆ ನೋಯುತ್ತದೆ, ಹಾಗಾಗಿ ಹೃದಯದ್ದಲ್ಲ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಎರಡೂ ಒಟ್ಟಿಗೆ ಇರಬಹುದು.

ಎಲ್ಲ ಸರಿಯಿದ್ದರೆ ಉಸಿರಿನ ಅಭ್ಯಾಸ. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮೂಗಿನಿಂದ 3 ಎಣಿಸುವಷ್ಟು ಒಳಗೆ, ತುಟಿ ಕಿರಿದು ಮಾಡಿ 5 ಎಣಿಸುವಷ್ಟು ಹೊರಗೆ. 5 ನಿಮಿಷ, ದಿನಕ್ಕೆರಡು ಸಲ. ಸಾಲದೆಂದು ಜೋರಾಗಿ ಎಳೆದೆಳೆದು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಂ ಎನ್ನುತ್ತವೆ. ದಮ್ಮು ಹೆಚ್ಚಾಯಿತೆಂದು ಮತ್ತೆ ಎಳೆಯುವವರೇ ಬಹಳ.

ನಡಿಗೆ 5 ನಿಮಿಷದಿಂದ, ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತಾ. ಮೈ ಹಗುರಿದ್ದ ದಿನ ಹುಬ್ಬಳ್ಳಿಯ ಉಣಕಲ್ ಕೆರೆ ಪೂರ್ತಿ ಸುತ್ತಿದರೆ ಮುಂದೆರಡು ದಿನ ಹಾಸಿಗೆಯೇ ಗತಿ.

ನೋವಿಗೆ ಪ್ರಿಗ್ಯಾಬಲಿನ್ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ನಿದ್ದೆ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆಯ ಜೊತೆ ಸೇರಿದರೆ ಅದು ಉಸಿರಾಟವನ್ನೇ ನಿಧಾನಿಸಬಲ್ಲದು. ಹಾಗೆಂದು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದೂ ಬೇಡ.