ಸಂಬಂಧದೊಳಗೆ ಮದುವೆಯಾದ ಮನೆಯಲ್ಲಿ ಕೂಸಿಗೆ ಪದೇ ಪದೇ ರಕ್ತ ಕಡಿಮೆಯಾದರೆ: ಫ್ಯಾಂಕೋನಿ ಪರೀಕ್ಷೆ ಮಾಡಿಸುವ ಬಗೆ

ಟಾನಿಕ್ ಮೇಲೆ ಟಾನಿಕ್ ಬದಲಿಸುವ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಮತ್ತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಲೆಕ್ಕ ನೋಡಿ. ಕಬ್ಬಿಣಾಂಶ ಕಡಿಮೆಯಿದ್ದರೆ ಎಂಸಿವಿ ಇಳಿಯುತ್ತದೆ. ಅದು ಏರಿದ್ದು, ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಕೆಳಗೇ ನಿಂತಿದ್ದು, ಬಿ12 ಕೊರತೆಯೂ ಇಲ್ಲವೆಂದರೆ ಫ್ಯಾಂಕೋನಿ ಅನೀಮಿಯಾ ಇದೆಯೇ ಎಂದು ಪರೀಕ್ಷಿಸಲೇಬೇಕು. ಮೂಳೆಯೊಳಗೆ ರಕ್ತ ತಯಾರಿಸುವ ಅಸ್ಥಿಮಜ್ಜೆ ಬತ್ತುತ್ತ ಹೋಗುವ ಈ ಕಾಯಿಲೆಯಲ್ಲಿ ರಕ್ತಕ್ಯಾನ್ಸರ್, ಅದರಲ್ಲೂ ಎಎಂಎಲ್ ಎಂಬ ಬಗೆ, ಬರುವ ಅಪಾಯ ಬಹಳ ಹೆಚ್ಚು. ಮಕ್ಕಳ ರಕ್ತಕ್ಯಾನ್ಸರ್ ಬಹುಪಾಲು ವಂಶದಿಂದ ಬರುವುದಲ್ಲ, ನಿಜ. ಆದರೆ ಫ್ಯಾಂಕೋನಿ ವಂಶದಿಂದ ಬರುತ್ತದೆ, ಮತ್ತು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಂಡ ಮನೆಗಳು ಬಹಳ. ತಂದೆ ತಾಯಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ದವಾಖಾನೆಗೆ ಹೋಗುವಾಗ ಮೂರು ತಲೆಮಾರು ಬರೆದುಕೊಂಡು ಹೋಗಿ: ಯಾರು ಯಾರನ್ನು ಮದುವೆಯಾದರು, ಎಷ್ಟು ಕೂಸು ತೀರಿಕೊಂಡವು, ಯಾವ ವಯಸ್ಸಿಗೆ. ಹಿರಿಯರು ಸತ್ತ ಮಕ್ಕಳ ಲೆಕ್ಕ ಬಿಡುತ್ತಾರೆ. ಅಜ್ಜಿಯನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿ. ಕೂಸಿನ ಹೆಬ್ಬೆರಳು ಸಣ್ಣದೋ, ಜೋಡಿಯೋ, ಇಲ್ಲವೇ ಇಲ್ಲವೋ ನೋಡಿ. ಮೈಮೇಲೆ ಕಾಫಿ ಬಣ್ಣದ ಮಚ್ಚೆ, ಗಿಡ್ಡ ಬೆಳವಣಿಗೆ, ಸ್ಕ್ಯಾನಿಂಗ್‌ನಲ್ಲಿ ಒಂದೇ ಮೂತ್ರಪಿಂಡ ಕಂಡರೆ ಅನುಮಾನ ಗಟ್ಟಿ. ಏನೂ ಕಾಣದ ಮಕ್ಕಳೂ ಇರುತ್ತಾರೆ, ಹಾಗೆಂದು ಬಿಡಬೇಡಿ.

ಪರೀಕ್ಷೆಯ ಹೆಸರು ಕ್ರೋಮೋಸೋಮ್ ಬ್ರೇಕೇಜ್, ಅಂದರೆ ಕಣದೊಳಗಿನ ವರ್ಣತಂತುಗಳು ಎಷ್ಟು ಒಡೆಯುತ್ತವೆ ಎಂದು ನೋಡುವುದು. ಬಹಳ ಸಲ ಕೆಡುವುದು ಸ್ಯಾಂಪಲ್ ಹಂತದಲ್ಲಿ. ಜೀವಂತ ಕಣಗಳನ್ನು ಲ್ಯಾಬಿನಲ್ಲಿ ಬೆಳೆಸಬೇಕಾದ್ದರಿಂದ ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬೇ ಬೇಕು. ಸಿಬಿಸಿಯ ನೇರಳೆ ಮುಚ್ಚಳದ್ದು ಇದಕ್ಕೆ ನಡೆಯುವುದಿಲ್ಲ. ರಕ್ತ ತುಂಬಿದೊಡನೆ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಇಲ್ಲವಾದರೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಲ್ಲೂ ಫ್ರಿಜ್‌ನಲ್ಲೂ ಇಡಬಾರದು. ವಿಜಯಪುರದ ಬೇಸಿಗೆಯಲ್ಲಿ ಬಸ್ಸಿನ ಬಿಸಿಗೂ ಕಣಗಳು ಸಾಯುತ್ತವೆ, ಥರ್ಮಾಕೋಲ್ ಡಬ್ಬಿಯಲ್ಲಿ ನೆರಳಲ್ಲಿಟ್ಟು ಮರುದಿನವೇ ಮುಟ್ಟಿಸಿ. ಶನಿವಾರ ರಕ್ತ ತೆಗೆಸಬೇಡಿ. ರಕ್ತ ಏರಿಸುವ ಮೊದಲೇ ಸ್ಯಾಂಪಲ್ ಕೊಡಿ; ಏರಿಸಿದ್ದರೆ ತಾರೀಕನ್ನು ಫಾರಂ ಮೇಲೆ ಬರೆಸಿ. ರಕ್ತದಲ್ಲಿ ಸರಿ ಬಂದೂ ಅನುಮಾನ ಉಳಿದರೆ ಚರ್ಮದ ತುಣುಕಿನಿಂದ ಮತ್ತೆ ಮಾಡಿಸಬೇಕು.

ಕಾಯಿಲೆ ಖಚಿತವಾದರೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಅದೇ ಪರೀಕ್ಷೆ. ಗಟ್ಟಿಮುಟ್ಟಾಗಿ ಕಾಣುವ ತಮ್ಮನಲ್ಲೂ ಕಾಯಿಲೆ ಇರಬಹುದು. ನೋಡದೆ ಅವನ ಮಜ್ಜೆಯನ್ನು ಕಾಯಿಲೆಯ ಕೂಸಿಗೆ ಕಸಿ ಮಾಡಿದರೆ ಕಸಿಯೇ ವ್ಯರ್ಥ. ಕಸಿಯ ಯೋಚನೆ ಇದ್ದರೆ ಮನೆಯವರ ರಕ್ತ ಏರಿಸಬೇಡಿ, ಮುಂದೆ ಅವರದೇ ಮಜ್ಜೆಯನ್ನು ದೇಹ ತಿರಸ್ಕರಿಸಬಹುದು. ಮಾಮೂಲಿ ಪ್ರಮಾಣದ ಕೀಮೋ, ರೇಡಿಯೇಶನ್ ಈ ಮಕ್ಕಳಿಗೆ ಪ್ರಾಣಕ್ಕೇ ಎರವು, ಹಾಗಾಗಿ ಯಾವ ವೈದ್ಯರ ಮುಂದೆ ಕುಳಿತರೂ ಮೊದಲು ಫ್ಯಾಂಕೋನಿ ಎಂದು ಹೇಳಿ. ಸಿಬಿಸಿ ಮೂರು-ನಾಲ್ಕು ತಿಂಗಳಿಗೊಮ್ಮೆ, ಮಜ್ಜೆ ಪರೀಕ್ಷೆ ವರ್ಷಕ್ಕೊಮ್ಮೆ.

ಮತ್ತೊಂದು ಕೂಸು ಬೇಕೆನ್ನುವವರು ಬಸಿರಿಗೆ ಮೊದಲೇ ಜೀನ್ ಪರೀಕ್ಷೆ ಮುಗಿಸಿರಬೇಕು. ಯಾವ ಜೀನ್‌ನಲ್ಲಿ ಯಾವ ದೋಷ ಎಂದು ತಿಳಿದಿದ್ದರೆ ಮಾತ್ರ 11ರಿಂದ 13ನೇ ವಾರದಲ್ಲಿ ಮಾಸಿನ ತುಣುಕು ತೆಗೆದು ಅದನ್ನೇ ಹುಡುಕಬಹುದು.