ಬೀದರ್–ಕಲಬುರಗಿ ವಿಡಿಯೊ ಕರೆಯಲ್ಲಿ ನೋಟದ ಜಾಡು ಹಿಡಿಯುವ ಬಗೆ

ಬೀದರಿನ ಬಿದರಿ ಕುಶಲಕರ್ಮಿಯೊಬ್ಬರು ಹೂಜಿಯ ಚಿತ್ರವನ್ನು ಪರದೆಯ ಮೇಲೆ ಹಂಚಿಕೊಂಡು, ಬೆಳ್ಳಿಯ ತಂತಿ ಎಲ್ಲಿ ತಿರುಗಬೇಕೆಂಬುದನ್ನು ಕಲಬುರಗಿಯ ವಿನ್ಯಾಸ ವಿದ್ಯಾರ್ಥಿನಿಗೆ ವಿವರಿಸುತ್ತಿದ್ದಾರೆ ಎಂದುಕೊಳ್ಳೋಣ. ಅವರು ಹೇಳುತ್ತಿರುವ ಬಳ್ಳಿಯನ್ನೇ ಆಕೆ ನೋಡುತ್ತಿರುವಳೇ ಎಂದು ತಿಳಿಯಲು ಎರಡೂ ಕಡೆ ಒಂದೊಂದು ಐ ಟ್ರ್ಯಾಕರ್ ಬೇಕು.

ಈ ಉಪಕರಣವು ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕನ್ನು ಬೀರಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲಿನ ಮಿನುಗನ್ನೂ ಪಾಪೆಯ ನಡುವನ್ನೂ ಗುರುತಿಸಿ, ನೋಟ ಬಿದ್ದ ಜಾಗವನ್ನು ಲೆಕ್ಕ ಹಾಕುತ್ತದೆ. ಒಳ್ಳೆಯ ಉಪಕರಣದಲ್ಲೂ ಅರ್ಧದಿಂದ ಒಂದು ಡಿಗ್ರಿಯಷ್ಟು ತಪ್ಪು ಸಹಜ, 60 ಸೆಂ.ಮೀ. ದೂರದಿಂದ ಒಂದು ಡಿಗ್ರಿಯೆಂದರೆ ಪರದೆಯ ಮೇಲೆ ಸುಮಾರು 1 ಸೆಂ.ಮೀ. ಆದ್ದರಿಂದ ಹೋಲಿಸಬೇಕಾದ ಭಾಗಗಳ ನಡುವೆ ಎರಡು ಮೂರು ಸೆಂ.ಮೀ. ಅಂತರವಿರುವಂತೆ ಚಿತ್ರವನ್ನು ದೊಡ್ಡದು ಮಾಡಿರಿ. ಲ್ಯಾಪ್‌ಟಾಪಿನ ಸಾಮಾನ್ಯ ಕ್ಯಾಮೆರಾ, ಕುಳಿತವರು ಎದುರಿನವರ ಮುಖವನ್ನು ನೋಡಿದರೋ ಚಿತ್ರವನ್ನೋ ಎಂಬಷ್ಟನ್ನು ಹೇಳಬಲ್ಲದು. ಯಾವ ಎಲೆಯನ್ನು ಎಂಬುದನ್ನು ಅದರಿಂದ ನಿರೀಕ್ಷಿಸಬಾರದು.

ಕಲಬುರಗಿಯ ಬಿಸಿಲಿನಲ್ಲಿ ಅವಗೆಂಪು ಬೆಳಕು ಧಾರಾಳವಾಗಿರುವುದರಿಂದ ಕಿಟಕಿಗೆ ದಪ್ಪ ಪರದೆ ಎಳೆದು ಟ್ಯೂಬ್‌ಲೈಟಿನಲ್ಲಿ ಕೆಲಸ ಮಾಡಿರಿ. ಕಾಡಿಗೆಯ ಕಪ್ಪನ್ನು ಉಪಕರಣ ಪಾಪೆಯೆಂದು ಭ್ರಮಿಸುವುದುಂಟು. ಹಚ್ಚಿಕೊಳ್ಳಬೇಡಿರೆಂದು ಹಿಂದಿನ ದಿನವೇ ತಿಳಿಸುವುದು ಲೇಸು, ಬಂದು ಕುಳಿತ ಮೇಲೆ ಒರೆಸಿಕೊಳ್ಳಿ ಎನ್ನುವುದು ಮುಜುಗರದ ಮಾತು. ಒಪ್ಪಿಗೆ ಪತ್ರವನ್ನು ಅವರವರು ಬಲ್ಲ ಕನ್ನಡ, ಉರ್ದು ಅಥವಾ ಮರಾಠಿಯಲ್ಲಿ ಓದಿ ಹೇಳಿರಿ. ಬಳಿಕ ಪರದೆಯ ಒಂಬತ್ತು ಚುಕ್ಕೆಗಳನ್ನು ಒಂದೊಂದಾಗಿ ನೋಡಿಸಿ ಉಪಕರಣವನ್ನು ಅವರ ಕಣ್ಣಿಗೆ ಹೊಂದಿಸುವ ಕ್ಯಾಲಿಬ್ರೇಶನ್ ಮಾಡಿ, ತಪ್ಪು ಒಂದು ಡಿಗ್ರಿಯನ್ನು ಮೀರಿದರೆ ಮತ್ತೆ ಮಾಡಿರಿ. ಕಂಪ್ಯೂಟರ್ ಪರದೆಯ ಮೇಲಿನ ಕರೆಯ ಕಿಟಕಿಗಳನ್ನು ಒಂದೇ ಜಾಗದಲ್ಲಿ ಕದಲದಂತೆ ಇರಿಸಿರಿ.

ಹೆಚ್ಚಿನವರು ಎಡವುವುದು ಸಮಯದ ಲೆಕ್ಕದಲ್ಲಿ. ಎರಡು ಕಂಪ್ಯೂಟರುಗಳ ಗಡಿಯಾರಗಳನ್ನು, ಅಂತರಜಾಲದ ಮೂಲಕ ನಿಖರ ಸಮಯ ತಿಳಿಸುವ ಒಂದೇ ಟೈಮ್ ಸರ್ವರ್‌ಗೆ ಹೊಂದಿಸಿ, ಕೊನೆಯಲ್ಲಿಯೂ ಪರೀಕ್ಷಿಸಿರಿ. ಆಮೇಲೆ ಬೀದರಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಸಿ, ಅದು ಎರಡೂ ಕಡೆಯ ಧ್ವನಿಮುದ್ರಣದಲ್ಲಿ ಯಾವ ಕ್ಷಣಕ್ಕೆ ಬಿದ್ದಿದೆಯೆಂದು ನೋಡಿದರೆ ಆ ಹೊತ್ತಿನ ಜಾಲದ ವಿಳಂಬ ಸಿಗುತ್ತದೆ. ಗಡಿಯಾರಗಳೇ ಹೊಂದಿರದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ರಿಚರ್ಡ್‌ಸನ್ ಮತ್ತು ಡೇಲ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೇಳುಗರ ಕಣ್ಣು ಮಾತಾಡಿದವರ ಕಣ್ಣನ್ನು ಸುಮಾರು 2 ಸೆಕೆಂಡು ತಡವಾಗಿ ಹಿಂಬಾಲಿಸಿತ್ತು. ಆದುದರಿಂದ ಎರಡು ನೋಟಗಳನ್ನು ಅದೇ ಕ್ಷಣದಲ್ಲಿ ಮಾತ್ರ ಹೋಲಿಸದೆ, ಒಂದನ್ನು ಹಿಂದೆ ಮುಂದೆ ಸರಿಸುತ್ತ ಹೋಲಿಸಿರಿ. ಜಾಲದ ವಿಳಂಬವನ್ನು ವಿದ್ಯಾರ್ಥಿನಿಯ ನಿಧಾನವೆಂದು ಬರೆಯಬೇಡಿರಿ. ಒಬ್ಬರ ದತ್ತಾಂಶದ ಕಾಲಕ್ರಮವನ್ನು ಬೇಕೆಂದೇ ಕಲಸಿ ಮತ್ತೊಮ್ಮೆ ಹೋಲಿಸಿದರೆ, ಆಕಸ್ಮಿಕವಾಗಿ ಎಷ್ಟು ಹೊಂದಿಕೆ ಬರುತ್ತದೆಂಬುದೂ ತಿಳಿಯುತ್ತದೆ.

ನೋಟ ನೆಟ್ಟಲ್ಲೆಲ್ಲ ಗಮನವಿರುತ್ತದೆಂದು ಹೇಳಲಾಗದು. ಕರೆ ಮುಗಿದೊಡನೆ ಅದರ ವಿಡಿಯೊ ಮುದ್ರಣವನ್ನು ಇಬ್ಬರಿಗೂ ತೋರಿಸಿ, ಆಗ ಮನಸ್ಸಿನಲ್ಲಿ ಏನಿತ್ತೆಂದು ಕೇಳಿರಿ. ಕುಶಲಕರ್ಮಿಯ ದತ್ತಾಂಶದಲ್ಲಿ ನೋಟ ದಾಖಲಾಗದ ಖಾಲಿ ಜಾಗಗಳು ಕಂಡರೆ ಅವನ್ನು ಕೂಡಲೇ ಅಳಿಸದೆ, ಅವರ ಕೈಗಳತ್ತ ತಿರುಗಿಸಿಟ್ಟ ಮೊಬೈಲಿನ ವಿಡಿಯೊವನ್ನು ಅದೇ ನಿಮಿಷಕ್ಕೆ ತೆರೆದು ನೋಡಿರಿ: ಅವರು ಮಾತಾಡುತ್ತಲೇ ಮಡಿಲಿನ ಹೂಜಿಯತ್ತ ಬಾಗಿ, ಉಳಿಯ ಮೊನೆಯಿಂದ ಅದೇ ತಿರುವನ್ನು ತೋರಿಸುತ್ತಿರಬಹುದು.