ಪುಟ್ಟ ಆಮೆ ತರುವ ಮೊದಲು ಕೇಳಬೇಕಾದ್ದು

ಅಂಗೈಯಲ್ಲಿ ಕೂರುವ ಆಮೆಮರಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದು 50 ವರ್ಷ ಬದುಕಬಹುದು, ನಾಳೆ ನಿಮ್ಮ ಮಕ್ಕಳ ಪಾಲಿಗೂ ಬರಬಹುದು. ಹಾಗಾಗಿ ಅವಸರ ಬೇಡ.

ಮೊದಲು ಕಾನೂನು. ನಮ್ಮ ನಕ್ಷತ್ರ ಆಮೆಯನ್ನು ಸಾಕುವ ಹಾಗಿಲ್ಲ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿದೆ, ಕನಿಷ್ಠ 3 ವರ್ಷ ಜೈಲಾಗಬಹುದು. ಅದೃಷ್ಟ ತರುತ್ತದೆ ಅಂತ ಗುಟ್ಟಾಗಿ ಮಾರುವವರನ್ನು ದಯವಿಟ್ಟು ನಂಬಬೇಡಿ. ಕುರುಚಲು ಕಾಡಿನಲ್ಲಿ ತನ್ನ ಪಾಡಿಗೆ ಓಡಾಡಿಕೊಂಡಿದ್ದ ಜೀವ ಅದು. ಸಾಕಬೇಕೆಂದಿದ್ದರೆ ಸಾಕಣೆಯಲ್ಲೇ ಹುಟ್ಟಿದ ವಿದೇಶಿ ಜಾತಿ ನೋಡಿ, ಕಾಗದಪತ್ರ ಕೇಳಿ ಪಡೆಯಿರಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯನ್ನೂ ಮಾಡಿಸಬೇಕು.

ಇನ್ನು ಜಾತಿ. ಜಾಸ್ತಿ ಜನ ಎಡವುವುದು ಇಲ್ಲೇ. ಆಫ್ರಿಕಾದ ಸುಲ್ಕಾಟ ಆಮೆ ಮರಿಯಾಗಿದ್ದಾಗ ನಿಂಬೆಹಣ್ಣಿನಷ್ಟು, ಬೆಳೆದರೆ 40 ಕಿಲೋ ದಾಟಬಹುದು, ಅಂಗಳವನ್ನೇ ತೋಡಿ ಬಿಲ ಮಾಡುತ್ತದೆ. ಅಪಾರ್ಟ್‌ಮೆಂಟಿನವರಿಗೆ ಅದು ಬೇಡವೇ ಬೇಡ. ಬೆಂಗಳೂರು, ಮೈಸೂರಿನಂಥ ಕಡೆಗೆ 15ರಿಂದ 20 ಸೆಂ.ಮೀ. ಬೆಳೆಯುವ ಹರ್ಮನ್ ಆಮೆ ಆದೀತು, ಆದರೆ ಅದು ಒಣ ಹವೆಯದು, ಮಳೆಯಲ್ಲಿ ನೆನೆಯಬಾರದು. ಕರಾವಳಿಯ ತೇವ, ಸೆಕೆಗೆ ಕೆಂಪು ಕಾಲಿನ ಆಮೆ ಹೊಂದುತ್ತದೆ. ಅದು ಸುಮಾರು 30 ಸೆಂ.ಮೀ. ಆಗುತ್ತದೆ, ಜಾಗ ಜಾಸ್ತಿ ಬೇಕು.

ಮರಿಯನ್ನು ಕೈಗೆತ್ತಿಕೊಂಡು ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು, ಟೊಳ್ಳು ಅನ್ನಿಸಬಾರದು. ಹಿಂಗಾಲು ಮೆಲ್ಲಗೆ ಹಿಡಿದರೆ ಗಟ್ಟಿಯಾಗಿ ಒಳಗೆ ಎಳೆದುಕೊಳ್ಳಬೇಕು. ಕಣ್ಣು ಊದಿರಬಾರದು, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಬಿಟ್ಟುಬಿಡಿ, ಅದು ಉಸಿರಾಟದ ಸೋಂಕಿನ ಲಕ್ಷಣ.

ಮನೆಯಲ್ಲಿ ಗಾಜಿನ ತೊಟ್ಟಿ ಮಾತ್ರ ಬೇಡ. ಬಿಸಿಲಿಗಿಟ್ಟರೆ ಒಳಗೇ ಬೆಂದುಹೋಗುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಿಂದಲೂ ಚಿಪ್ಪು ಗಟ್ಟಿಯಾಗುವುದಿಲ್ಲ, ಅದಕ್ಕೆ ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ, ಪಕ್ಕದಲ್ಲೇ ನೆರಳಿರುವ ಬೇಲಿ ಹಾಕಿದ ಜಾಗ ಮಾಡಿ. ಅಗಲವಾದ ತಟ್ಟೆಯಲ್ಲಿ ನೀರು ಇಡಿ. ದಾಸವಾಳದ ಎಲೆ, ಹೂವು, ಎಳೆ ಹುಲ್ಲು ಕೊಡಿ. ಪಾಲಕ್ ದಿನಾ ಬೇಡ. ಬ್ರೆಡ್ಡು, ಹಾಲು ಕೊಡಲೇಬೇಡಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಚಿಕ್ಕ ಮಕ್ಕಳಿದ್ದರೆ ಇನ್ನೂ ಜಾಗ್ರತೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಹುದು.

ಆಮೆ ನೋಡುವ ಪಶುವೈದ್ಯರು ನಿಮ್ಮ ಊರಲ್ಲಿ ಇದ್ದಾರಾ ಅಂತ ತರುವ ಮೊದಲೇ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಸದ್ಯಕ್ಕೆ ಬೇಡ.